ಡಿಸೈನ್ ಓದುವವರಿಗೆ ಲ್ಯಾಪ್‌ಟಾಪ್: ಮೊದಲು ಸ್ಕ್ರೀನ್ ನೋಡಿ

ಡಿಸೈನ್ ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂದ ಕೂಡಲೇ ಮನೆಯವರೆಲ್ಲ ಲ್ಯಾಪ್‌ಟಾಪ್ ಅಂಗಡಿಗೆ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಕಾಲೇಜಿಗೆ ಫೋನ್ ಮಾಡಿ, ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಅಂತ ಕೇಳಿ. ಎರಡನೇ ವರ್ಷದ ಸೀನಿಯರ್ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ಆ್ಯಪ್, ವೆಬ್‌ಸೈಟ್ ವಿನ್ಯಾಸಕ್ಕೆ ಬಳಸುವ ಫಿಗ್ಮಾ ಬ್ರೌಸರ್‌ನಲ್ಲೇ ನಡೆಯುತ್ತದೆ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಇಂಟೀರಿಯರ್ ಅಥವಾ ಪ್ರಾಡಕ್ಟ್ ಡಿಸೈನ್ ಆದರೆ ಲೆಕ್ಕ ಬೇರೆ. ರೆವಿಟ್, ತ್ರೀಡಿಎಸ್ ಮ್ಯಾಕ್ಸ್, ಸಾಲಿಡ್‌ವರ್ಕ್ಸ್ ಮೂರೂ ವಿಂಡೋಸ್‌ಗಾಗಿಯೇ ಇರುವ ಸಾಫ್ಟ್‌ವೇರ್‌ಗಳು. ಇವು ಪಟ್ಟಿಯಲ್ಲಿದ್ದರೆ ಮ್ಯಾಕ್‌ಬುಕ್ ಆಸೆ ಬಿಡಿ.

ಈಗ ಸ್ಕ್ರೀನ್. ಅಂಗಡಿಯವರು ಪ್ರೊಸೆಸರ್ ಬಗ್ಗೆ ಹತ್ತು ನಿಮಿಷ ಮಾತಾಡುತ್ತಾರೆ, ಸ್ಕ್ರೀನ್ ಬಗ್ಗೆ 'ಫುಲ್ ಎಚ್‌ಡಿ' ಅಂದು ಮುಗಿಸುತ್ತಾರೆ. ಬಣ್ಣವನ್ನೇ ನಂಬಿ ಕೆಲಸ ಮಾಡುವವರಿಗೆ ಅಷ್ಟು ಸಾಕಾಗಲ್ಲ. ವಿವರ ಪಟ್ಟಿಯಲ್ಲಿ '100% ಎಸ್‌ಆರ್‌ಜಿಬಿ' ಅಂತ ಇದೆಯಾ ನೋಡಿ. ಎಸ್‌ಆರ್‌ಜಿಬಿ ಅಂದರೆ ವೆಬ್, ಸ್ಕ್ರೀನ್‌ಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಗುಂಪು; ಎನ್‌ಟಿಎಸ್‌ಸಿ ಹಳೆಯ ಟಿವಿ ಕಾಲದ ಇನ್ನೊಂದು ಅಳತೆ. '45% ಎನ್‌ಟಿಎಸ್‌ಸಿ' ಅಂತಿದ್ದರೆ ಆ ಸ್ಕ್ರೀನ್ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ತೋರಿಸುತ್ತದೆ. ಕಡಿಮೆ ಬೆಲೆಯ ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲೂ ಇದೇ ಸ್ಕ್ರೀನ್ ಇರುತ್ತದೆ.

ಕಣ್ಣಾರೆ ನೋಡಬೇಕಾ? ಇಳಕಲ್ ಸೀರೆಯ ಕೆಂಪು ಸೆರಗಿನ ಫೋಟೊವೊಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಎರಡು ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕಪಕ್ಕ ತೆರೆಯಿರಿ, ಎರಡರ ಬ್ರೈಟ್‌ನೆಸ್ಸೂ ಪೂರ್ತಿ ಇರಲಿ. ಕಳಪೆ ಸ್ಕ್ರೀನಿನಲ್ಲಿ ಕೆಂಪು ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ನಂಬಿ ಪೋಸ್ಟರ್ ಮಾಡಿದರೆ ಪ್ರಿಂಟ್ ಬಂದಾಗ ಬಣ್ಣ ಬೇರೆಯೇ ಕಾಣುತ್ತದೆ. ಇನ್ನೊಂದು ಮಾತು, ಒಂದೇ ಹೆಸರಿನ ಲ್ಯಾಪ್‌ಟಾಪ್ ಎರಡು ಮೂರು ಬಗೆಯ ಸ್ಕ್ರೀನ್‌ಗಳಲ್ಲಿ ಬರುತ್ತದೆ. ಹಾಗಾಗಿ ಹೆಸರು ಸಾಲದು, ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿ.

ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯಲ್ಲಿ ಫೋಟೊಶಾಪ್, ಇಲ್ಲಸ್ಟ್ರೇಟರ್, ಜೊತೆಗೆ ಬ್ರೌಸರ್ ತೆರೆದರೆ ಎಲ್ಲವೂ ತೆವಳುತ್ತವೆ. ದುಡ್ಡು ಸಾಲದಿದ್ದರೆ 8 ಜಿಬಿ ತಗೊಂಡು ಆಮೇಲೆ ಹೆಚ್ಚಿಸಬಹುದು, ಆದರೆ ಅದನ್ನು ಹಾಕುವ ಸ್ಲಾಟ್ ಇದ್ದರೆ ಮಾತ್ರ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಫೈಲ್‌ಗಳನ್ನು ಉಳಿಸುವ ಎಸ್‌ಎಸ್‌ಡಿ 512 ಜಿಬಿ ಸಾಕು.

ಗ್ರಾಫಿಕ್ಸ್ ಕಾರ್ಡ್ ಎಲ್ಲರಿಗೂ ಬೇಕಿಲ್ಲ. ಲೋಗೊ, ಪುಸ್ತಕ ವಿನ್ಯಾಸ, ಚಿತ್ರ ಬಿಡಿಸುವ ಕೆಲಸಕ್ಕೆ ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ನಡೆಯುತ್ತದೆ. ಬ್ಲೆಂಡರ್‌ನಲ್ಲಿ ತ್ರೀಡಿ ಮಾಡುವವರಿಗೆ ಕಾರ್ಡ್ ಬೇಕೇ ಬೇಕು. ಆಗ ಕಾರ್ಡಿನ ಸ್ವಂತ ಮೆಮೊರಿ ಎಷ್ಟು ಅಂತ ಕೇಳಿ. ಆರ್‌ಟಿಎಕ್ಸ್ 3050 ಹೆಸರಿನಲ್ಲೇ 4 ಜಿಬಿಯದೂ ಇದೆ, 6 ಜಿಬಿಯದೂ ಇದೆ.

ಬಜೆಟ್ ತೀರಾ ಕಡಿಮೆಯಾ? ನನ್ನನ್ನು ಕೇಳಿದರೆ, ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ ಕಂಪನಿಗಳು ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳೇ ವಾಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. ಇಂಟೆಲ್ ಆದರೆ 8ನೇ ಜನರೇಶನ್‌ಗಿಂತ ಹಳೆಯದು ಬೇಡ. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹಾಕಲು ಬರಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ಹೊಸದಿದ್ದಾಗ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಎರಡೂ ಅಂಕಿ ಅದರಲ್ಲಿರುತ್ತವೆ. ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸಿಕೊಡಿ ಅನ್ನಿ.

ಇಂಥ ಆಫೀಸ್ ಲ್ಯಾಪ್‌ಟಾಪ್‌ಗಳ ಸ್ಕ್ರೀನ್ ಬಹಳ ಸಲ ಮಂಕು. ಅದಕ್ಕೆ ಉಳಿದ ದುಡ್ಡಿನಲ್ಲಿ 24 ಇಂಚಿನ ಒಳ್ಳೆಯ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆಯ) ಮಾನಿಟರ್ ತಗೊಳ್ಳಿ. ಸುಮಾರು ಹತ್ತು ಸಾವಿರಕ್ಕೆ 99% ಎಸ್‌ಆರ್‌ಜಿಬಿ ಇರುವಂಥದ್ದು ಬರುತ್ತದೆ. ಕ್ಲಾಸಿಗೆ ಲ್ಯಾಪ್‌ಟಾಪ್, ರೂಮಿನಲ್ಲಿ ಬಣ್ಣದ ಕೆಲಸಕ್ಕೆ ಮಾನಿಟರ್.

ಕೊಳ್ಳುವ ದಿನ ಅಂಗಡಿಯವರು 'ಎಲ್ಲ ಸಾಫ್ಟ್‌ವೇರ್ ಫ್ರೀ ಹಾಕಿಕೊಡ್ತೀವಿ' ಅಂದರೆ ಬೇಡ ಅನ್ನಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ವೈರಸ್ಸೂ ಬರುತ್ತದೆ. ಬ್ಲೆಂಡರ್, ಚಿತ್ರ ಬಿಡಿಸುವ ಕ್ರಿಟಾ, ಲೋಗೊ ಮಾಡುವ ಇಂಕ್‌ಸ್ಕೇಪ್ ಹೇಗೂ ಉಚಿತ. ರೆವಿಟ್, ತ್ರೀಡಿಎಸ್ ಮ್ಯಾಕ್ಸ್ ತಯಾರಿಸುವ ಆಟೋಡೆಸ್ಕ್ ಕಂಪನಿ ತನ್ನ ಸಾಫ್ಟ್‌ವೇರ್‌ಗಳನ್ನು ವಿದ್ಯಾರ್ಥಿಗಳಿಗೆ ಒಂದೊಂದು ವರ್ಷದ ಲೆಕ್ಕದಲ್ಲಿ ಉಚಿತವಾಗಿ ಕೊಡುತ್ತದೆ. ಕಾಲೇಜಿನ ಐಡಿ ಕಾರ್ಡ್ ಕೈಗೆ ಬಂದ ಮೇಲೆ ಅರ್ಜಿ ಹಾಕಿ.