‘ಕುಂಚದಲ್ಲಿ ಅರಳಿದ’ ಅಂತ ಬರೆಯುವುದನ್ನು ಬಿಟ್ಟ ಮೇಲೆ

ನಾನು ಬರೆದ ಮೊದಲ ಕಲಾ ವಿಮರ್ಶೆಯ ತಲೆಬರಹ ‘ಕುಂಚದಲ್ಲಿ ಅರಳಿದ ನಿಸರ್ಗ’. 2003ರ ಮಾತು. ಎರಡನೆಯದು ‘ಬಣ್ಣದ ಲೋಕದಲ್ಲೊಂದು ಸುತ್ತು’. ಮೂರನೆಯದೂ ಹೀಗೇ ಏನೋ ಇತ್ತು. ನಮ್ಮ ಪೇಪರುಗಳ ಕಲಾ ಪುಟ ಓದುವವರಿಗೆ ಗೊತ್ತು, ಅಲ್ಲಿ ಎಲ್ಲವೂ ಅರಳುತ್ತದೆ, ಎಲ್ಲರ ಕೈಚಳಕವೂ ಮೋಡಿ ಮಾಡುತ್ತದೆ, ಕೊನೆಗೆ ಪ್ರದರ್ಶನ ಭಾನುವಾರದವರೆಗೆ ಇರುತ್ತದೆ.

ಪೇಂಟಿಂಗ್ ಓದಿದ್ದು ದಾವಣಗೆರೆಯಲ್ಲಿ. ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ರೂಮು ಮಾಡಿ, ವಾರವೆಲ್ಲ ಒಂದು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ, ಭಾನುವಾರ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ಗ್ಯಾಲರಿಯಿಂದ ಗ್ಯಾಲರಿಗೆ ಸುತ್ತುವುದು ನನ್ನ ದಿನಚರಿ. ಸುಮ್ನೆ ಸುತ್ತೋದ್ಯಾಕೆ, ಬರೆಯೋಣ ಅನ್ನಿಸಿ ಶುರು ಮಾಡಿದ್ದು. ಒಂದು ಬರಹಕ್ಕೆ ಮುನ್ನೂರು ರೂಪಾಯಿ, ಅದೂ ಮೂರು ತಿಂಗಳಾದ ಮೇಲೆ.

ನಾಲ್ಕನೇ ಬರಹ ಕೊಟ್ಟಾಗ ಪುರವಣಿ ನೋಡಿಕೊಳ್ಳುತ್ತಿದ್ದ ಹಿರಿಯರು ಪೂರ್ತಿ ಓದಿ, ಹಾಳೆ ವಾಪಸ್ ಕೊಟ್ಟರು. “ಚಿತ್ರದಲ್ಲಿ ಏನಿದೆ ಅಂತ ಹೇಳೋ ಒಂದು ವಾಕ್ಯ ಇದರಲ್ಲಿ ತೋರ್ಸಪ್ಪಾ” ಅಂದರು. ಹುಡುಕಿದೆ. ಇರಲಿಲ್ಲ. ಸಂವೇದನೆ ಇತ್ತು, ಆಯಾಮ ಇತ್ತು, ಒಳನೋಟ ಎರಡು ಸಲ ಇತ್ತು. ಚಿತ್ರ ಮಾತ್ರ ಇರಲಿಲ್ಲ.

ಅಂದು ಮಧ್ಯಾಹ್ನ ಸೀದಾ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋದೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲಿ ಒಂದರ ಮುಂದೆ, ಒಂದು ಗಂಟೆ ಆಗುವವರೆಗೂ ಅಲುಗಬಾರದು ಅಂತ ಹಟ ಹಿಡಿದು ನಿಂತೆ. ಮೊದಲ ಹತ್ತು ನಿಮಿಷ ಬೆಟ್ಟ, ಮರ, ಮಂಜು, ಅಷ್ಟೇ. ಆಮೇಲೆ ಕಾಲು ನೋಯತೊಡಗಿತು. ಕಾಲು ನೋಯುವ ಹೊತ್ತಿಗೇ ಕಣ್ಣು ಕೆಲಸ ಶುರು ಮಾಡಿತು ಅಂತ ಕಾಣುತ್ತೆ. ಮಂಜಿಗೆ ಬಿಳಿ ಬಣ್ಣ ಹಚ್ಚಿದ ಹಾಗೆ ಕಾಣಲಿಲ್ಲ. ಹಿಂದಿನ ಬೆಟ್ಟವನ್ನೇ ತೆಳು ಮಾಡುತ್ತಾ ಮಾಡುತ್ತಾ ಹೋಗಿ, ಎಲ್ಲಿ ಬೆಟ್ಟ ಮುಗಿಯಿತೋ ಅಲ್ಲಿ ಮಂಜು ಶುರುವಾಗಿತ್ತು. ಆ ಗೆರೆ ಎಲ್ಲಿದೆ ಅಂತ ಬೆರಳು ಇಟ್ಟು ತೋರಿಸೋಕೆ ಆಗಲ್ಲ. ಈ ಮನುಷ್ಯ ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ಊರಿಗೆ ಬಂದ ಮೇಲೆ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತವರು ಅನ್ನೋದೆಲ್ಲ ಆಗಲೇ ನನಗೆ ಗೊತ್ತಿತ್ತು, ಪರೀಕ್ಷೆಗೆ ಬರೆದಿದ್ದೆ ಕೂಡ. ಆ ಮಂಜನ್ನು ನೋಡಿದ್ದು ಮಾತ್ರ ಅವತ್ತೇ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದುಕೊಂಡೆ. ಅದರಲ್ಲಿ ಒಂದೂ ‘ಅರಳಿದ’ ಇರಲಿಲ್ಲ.

ಆಮೇಲಿನ ತೊಂದರೆ ಕನ್ನಡದ್ದು. ಇನ್‌ಸ್ಟಲೇಶನ್‌ಗೆ ನಾವು ‘ಪ್ರತಿಷ್ಠಾಪನಾ ಕಲೆ’ ಅಂತೀವಲ್ಲ, ಅದನ್ನು ಪೇಪರಿನಲ್ಲಿ ಓದಿದ ನಮ್ಮ ಚಿಕ್ಕಮ್ಮ ಫೋನ್ ಮಾಡಿ “ಯಾವ ದೇವರದ್ದೋ?” ಅಂತ ಕೇಳಿದ್ದರು. ಅವರ ತಪ್ಪೇನಿದೆ? ಹಾಗಾಗಿ ನಾನು ಹೆಸರು ಇಡುವುದನ್ನು ಕಡಿಮೆ ಮಾಡಿದೆ. ‘ಒಂದು ಕೋಣೆ, ನೆಲದ ತುಂಬ ಹಳೇ ಚಪ್ಪಲಿ, ನಾವು ಅವುಗಳ ಮಧ್ಯೆ ಜಾಗ ಹುಡುಕಿಕೊಂಡು ನಡೆಯಬೇಕು’ ಅಂತ ಬರೆದರೆ ಸಾಕು. ಇದಕ್ಕೆ ಯಾವ ಪದವೂ ಬೇಕಾಗಲ್ಲ. ಅಮೂರ್ತ ಅನ್ನೋ ಪದ ಮಾತ್ರ ಇಟ್ಟುಕೊಂಡಿದ್ದೇನೆ, ಅದು ಚೆನ್ನಾಗಿದೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಶೀಲಾ ಗೌಡರ ಬಗ್ಗೆ ಬರೆಯುವ ಆಸೆ ತುಂಬಾ ಇತ್ತು. ಭದ್ರಾವತಿಯಲ್ಲಿ ಹುಟ್ಟಿ, ಕೆನ್ ಕಲಾಶಾಲೆಯಲ್ಲಿ ಕಲಿತು, ಎಣ್ಣೆ ಬಣ್ಣ ಬಿಟ್ಟು ಸೆಗಣಿ ಕೈಗೆತ್ತಿಕೊಂಡವರು. 1992–93ರ ಗಲಭೆಗಳ ನಂತರದ ತಿರುವು ಅದು. ಅವರ ಕೆಂಪು ದಾರದ ಕೃತಿಯ ಫೋಟೊ ಒಂದು ಕ್ಯಾಟಲಾಗಿನಲ್ಲಿ ಸಿಕ್ಕಿತು. ‘ಗೋಡೆ ಮೇಲಿಂದ ಇಳಿದ ಕೆಂಪು ಹಗ್ಗ’ ಅಂತ ಅರ್ಧ ಪುಟ ಕೊರೆದೆ. ಅದು ಹಗ್ಗ ಅಲ್ಲವೇ ಅಲ್ಲ. ಹೊಲಿಗೆ ದಾರ, ಒಂದೊಂದನ್ನೂ ಸೂಜಿ ಕಣ್ಣಿನಲ್ಲಿ ಪೋಣಿಸಿ, ಎಷ್ಟೋ ಎಳೆ ಒಟ್ಟುಗೂಡಿಸಿ, ಕುಂಕುಮ ಹಚ್ಚಿ ಮಾಡಿದ್ದು. ತುದಿಯಲ್ಲಿ ಸೂಜಿಗಳ ಗೊಂಚಲೇ ಜೋತಾಡುತ್ತೆ. ಆ ಕೃತಿಯ ನೋವೆಲ್ಲ ಆ ಸೂಜಿಗಳಲ್ಲಿದೆ. ನಾನು ಅದನ್ನೇ ಬಿಟ್ಟಿದ್ದೆ. ಯಾರೂ ಜಗಳಕ್ಕೆ ಬರಲಿಲ್ಲ, ಅದು ಇನ್ನೂ ಜಾಸ್ತಿ ನಾಚಿಕೆ. ಆವತ್ತಿನಿಂದ ಫೋಟೊ ನೋಡಿ ಬರೆಯುವುದಿಲ್ಲ. ಈಗ ವಾಟ್ಸ್ಆ್ಯಪ್‌ನಲ್ಲಿ ಹತ್ತು ಚಿತ್ರ ಕಳಿಸಿ “ಸರ್, ನಾಳೆಯೊಳಗೆ ಒಂದು ಲೇಖನ” ಅನ್ನುವವರಿಗೂ ಇದೇ ಉತ್ತರ.

ಕ್ಯುರೇಟ್ ಮಾಡಲು, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ಕಟ್ಟಲು, ಹೊರಟಿದ್ದು 2012ರ ಡಿಸೆಂಬರ್ ನಂತರ. ಎರಡು ವರ್ಷಕ್ಕೊಮ್ಮೆಯ ಕಲಾ ಮೇಳ ಕೊಚ್ಚಿ ಬಿನಾಲೆ ಮೊದಲ ಸಲ ಆದಾಗ ರೈಲಲ್ಲಿ ಎರ್ನಾಕುಲಂಗೆ ಹೋಗಿ, ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ದಾಟಿ, ಆಸ್ಪಿನ್‌ವಾಲ್ ಹೌಸಿನ ಹಳೇ ಗೋದಾಮುಗಳಲ್ಲಿ ಮೂರು ದಿನ ಅಲೆದೆ. ಮನೆಮಂದಿಯೆಲ್ಲ ಬಂದಿದ್ದರು, ಶಾಲೆ ಮಕ್ಕಳು ಬಂದಿದ್ದರು. ನಮ್ಮ ಗ್ಯಾಲರಿಗಳಲ್ಲಿ ಉದ್ಘಾಟನೆ ದಿನ ಬರುವ ಅದೇ ನಲವತ್ತು ಮಂದಿ ನೆನಪಾದರು, ಅವರಲ್ಲಿ ನಾನೂ ಒಬ್ಬ. ಬರೆದು ಬರೆದು ಎಷ್ಟು ಜನಕ್ಕೆ ತಲುಪಿಸೋದು, ಒಂದು ಸಲ ಗೋಡೆಗೇ ಹಾಕಿ ನೋಡೋಣ ಅನ್ನಿಸಿತು.

ಗದಗ, ಕಲಬುರಗಿ, ದಾವಣಗೆರೆ ಕಡೆಯ ಏಳು ಹುಡುಗ ಹುಡುಗಿಯರು, ಒಂದು ಬಾಡಿಗೆ ಹಾಲ್, ಹತ್ತು ದಿನ. ಆರಿಸುವ ಕೆಲಸವೇ ಕಷ್ಟ. ಗದಗದಲ್ಲಿ ಒಬ್ಬರ ಮನೆಗೆ ಹೋದಾಗ ಅವರಮ್ಮ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಮಾಳಿಗೆ ಮೇಲಿನ ಶೆಡ್ಡಿನಿಂದ ಮೂವತ್ತು ಕ್ಯಾನ್ವಾಸ್ ಒಂದೊಂದಾಗಿ ತಾವೇ ಹೊತ್ತು ತಂದು ತೋರಿಸಿದರು. ನನಗೆ ಬೇಕಾದ್ದು ಅವುಗಳಲ್ಲಿ ಒಂದೂ ಅಲ್ಲ, ಗೋಡೆಗೆ ಒರಗಿಸಿಟ್ಟಿದ್ದ ಒಂದು ಕಟ್ಟು ಇದ್ದಿಲಿನ ಸ್ಕೆಚ್. ಹಾಗಂತ ಹೇಳೋಕೆ ಎರಡು ಲೋಟ ಚಹಾ ಬೇಕಾಯಿತು. ಹುಡುಗ ಒಪ್ಪಿದ, ಅವರಮ್ಮ ಕೊನೆವರೆಗೂ ಒಪ್ಪಲಿಲ್ಲ. “ಬಣ್ಣದ್ದು ಬಿಟ್ಟು ಕರಿದು ತಗೊಂಡ ಹೊಂಟೀರಲ್ರೀ” ಅಂದರು.

ಮಿಕ್ಕಿದ್ದೆಲ್ಲ ಬಡಗಿ ಕೆಲಸ. ಚಿತ್ರದ ಮಧ್ಯಭಾಗ ನೆಲದಿಂದ 58 ಇಂಚಿಗೆ ಬರಬೇಕು, ಅದು ನನ್ನ ಲೆಕ್ಕ. 57ರಿಂದ 60ರವರೆಗೆ ಒಬ್ಬೊಬ್ಬರದು ಒಂದೊಂದು. ಫ್ರೇಮು 36 ಇಂಚು ಎತ್ತರ ಇದ್ದು, ಹಿಂದಿನ ತಂತಿ ಎಳೆದಾಗ ಮೇಲಂಚಿಗಿಂತ 4 ಇಂಚು ಕೆಳಗೆ ನಿಂತರೆ, 58ಕ್ಕೆ ಫ್ರೇಮಿನ ಅರ್ಧ 18 ಕೂಡಿ 4 ಕಳೆ. ಮೊಳೆ 72ಕ್ಕೆ. ಈ ಲೆಕ್ಕವನ್ನು ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದು, ರಸಮಟ್ಟ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಸಾಮಾನ್ಯವಾಗಿ ಗೋಡೆಯೇ ಸೊಟ್ಟ ಇರುತ್ತೆ. ಕಾಗದದ ಕೃತಿಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅಂತ ಓದಿಕೊಂಡು ಹೋಗಿದ್ದೆ. ಆ ಹಾಲಿನ ಪಶ್ಚಿಮದ ಕಿಟಕಿಯಿಂದ ಸಂಜೆ ನಾಲ್ಕಕ್ಕೆ ಬರುವ ಬಿಸಿಲಿಗೆ ಆ ಪುಸ್ತಕ ಗೊತ್ತಿರಲಿಲ್ಲ. ಹಳೇ ಪಂಚೆ ಎರಡು ಮಡಿಕೆ ಮಾಡಿ ಕಟ್ಟಿದೆವು.

ಗೋಡೆಬರಹ ಕನ್ನಡದಲ್ಲೇ ಇರಬೇಕು, ಇಂಗ್ಲಿಷ್ ಕೆಳಗೆ ಚಿಕ್ಕದಾಗಿ, ಅಂತ ಪಟ್ಟು ಹಿಡಿದಿದ್ದೆ. ನಾನು ಬರೆದದ್ದು ‘ನುಡಿ’ ಸಾಫ್ಟ್‌ವೇರಿನಲ್ಲಿ, ವಿನೈಲ್ ಸ್ಟಿಕ್ಕರಿನಲ್ಲಿ ಅಕ್ಷರ ಕತ್ತರಿಸುವ ಅಂಗಡಿಯವನು ಅದನ್ನು ಯೂನಿಕೋಡ್ ಮಾಡಿ ತನ್ನ ಸಾಫ್ಟ್‌ವೇರಿಗೆ ಹಾಕಿದ. ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡವು. ಗೋಡೆಗೆ ಅಂಟಿಸಿದ ಮೇಲೆ ನೋಡುತ್ತೇನೆ, ಒಂದೊಂದೂ ಎರಡಿಂಚಿನ ಅಕ್ಷರ: ‘ಪ್‌ರದರ್‌ಶನ’. ಉದ್ಘಾಟನೆಗೆ ಐದು ಗಂಟೆ ಇತ್ತು. ಬ್ಲೇಡಿನಲ್ಲಿ ಕೆರೆದು ತೆಗೆದು, ಏಳು ಜನರಲ್ಲಿ ಅಕ್ಷರ ಚೆನ್ನಾಗಿದ್ದ ಕಲಬುರಗಿಯ ಹುಡುಗಿ ಸೈನ್‌ಬೋರ್ಡ್ ಬರೆಯುವವರ ಹಾಗೆ ಬ್ರಷ್ ಹಿಡಿದು ಗೋಡೆ ಮೇಲೇ ಬರೆದಳು. ನಾಲ್ಕು ಪ್ಯಾರಾ ಇದ್ದದ್ದನ್ನು ಒಂದಕ್ಕೆ ಇಳಿಸಿದೆ, ಅವಳಿಗೆ ಅಷ್ಟೇ ಟೈಮಿತ್ತು. ನನ್ನ ಬರಹಕ್ಕೆ ಅಷ್ಟು ಒಳ್ಳೇ ಎಡಿಟಿಂಗ್ ಆವತ್ತಿನವರೆಗೂ ಆಗಿರಲಿಲ್ಲ.

ದುಡ್ಡಿನ ವಿಷಯ ಹೇಳದಿದ್ದರೆ ಮೋಸ. ವಿಮರ್ಶೆಯಿಂದ ರೂಮಿನ ಬಾಡಿಗೆ ಯಾವತ್ತೂ ಹುಟ್ಟಲಿಲ್ಲ. ಕ್ಯಾಟಲಾಗಿಗೆ ಬರೆದರೆ ಪರವಾಗಿಲ್ಲ, ಐದು ಹತ್ತು ಸಾವಿರ ಸಿಗುತ್ತೆ, ಕೊಡುವವರು ಗ್ಯಾಲರಿಯವರು ಅಥವಾ ಕಲಾವಿದರೇ. ಕೈಗೆ ಚೆಕ್ ಬಂದ ಮೇಲೆ ‘ಈ ಸರಣಿ ಸ್ವಲ್ಪ ಸಪ್ಪೆ’ ಅಂತ ಬರೆಯೋಕೆ ಪೆನ್ನು ಏಳಲ್ಲ. ಒಂದು ಗ್ಯಾಲರಿ ನನ್ನಿಂದ ಲೇಖನ ಬರೆಸಿಕೊಂಡು ಚೆಕ್ಕನ್ನೂ ಕೊಡಲಿಲ್ಲ, ಆ ಲೆಕ್ಕದಲ್ಲಿ ಅಲ್ಲಿ ನಾನು ಸ್ವತಂತ್ರನಾಗಿಯೇ ಉಳಿದೆ ಅನ್ನಿ. ನನ್ನ ಜೊತೆ ಪ್ರದರ್ಶನ ಮಾಡಿದವರ ಬಗ್ಗೆ ವಿಮರ್ಶೆ ಬರೆಯುವುದನ್ನು ನಿಲ್ಲಿಸಿದ್ದೇನೆ. ಇದರಿಂದ ಬರೆಯಬಹುದಾದವರ ಪಟ್ಟಿ ವರ್ಷ ವರ್ಷ ಸಣ್ಣದಾಗುತ್ತಿದೆ. ಮಿಕ್ಕವರಲ್ಲಿ ಒಂದಿಬ್ಬರು ಪರಿಷತ್ತಿನ ಹತ್ತಿರ ಟೀ ಕುಡಿಯುವಾಗ ನನ್ನನ್ನು ಕಂಡರೆ ಆಚೆ ತಿರುಗುತ್ತಾರೆ.

ಆ ಹತ್ತು ದಿನ ಮುಗಿದು ಕೃತಿಗಳನ್ನು ವಾಪಸ್ ಕಳಿಸುವ ಮುಂಚೆ ಒಂದೊಂದರ ಸ್ಥಿತಿಯನ್ನೂ ಹಾಳೆಯಲ್ಲಿ ಬರೆದು ಕಲಾವಿದರ ಸಹಿ ಹಾಕಿಸಬೇಕಿತ್ತು. ಬರುವಾಗ ಪಾರ್ಸಲ್ ಲಾರಿಯಲ್ಲಿ ನೀರು ತಾಗಿದ್ದ ಸ್ಕೆಚ್ ಒಂದಕ್ಕೆ, ‘ಎಡಗಡೆ ಕೆಳತುದಿಯಲ್ಲಿ ಸಣ್ಣ ಕಲೆ ಇದೆ’ ಅಂತ ಬರೆದು ಗದಗದ ಹುಡುಗನಿಗೆ ಕೊಟ್ಟೆ. ಅವನು ಓದಿ, ಸಹಿ ಹಾಕುತ್ತಾ ಕೇಳಿದ:

“ಅಷ್ಟರಾಗ ಅಷ್ಟ ಐತೇನ್ರೀ ಸರ, ಉಳಿದದ್ದರಾಗ ಇಲ್ಲ?”