ಅಂಬಾಸಿಡರ್ ಎಂಜಿನ್ ಎಣ್ಣೆ ಸೋರುತ್ತಿದೆಯೇ? ಮೊದಲು ಸ್ಪ್ಯಾನರ್ ಕೆಳಗಿಡಿ

ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಹಾಕಿಸಿ, ಬ್ಲಾಕಿಗೆ ಬಣ್ಣವನ್ನೂ ಬಳಿಸಿ ತಂದ ಎಂಜಿನ್. ವಾರ ಕಳೆಯುವುದರೊಳಗೆ ಗ್ಯಾರೇಜ್ ನೆಲದ ಮೇಲೆ ಎಣ್ಣೆ ಕಲೆ. ಕೇಳಿದರೆ "ಅಂಬಾಸಿಡರ್ ಅಂದ್ಮೇಲೆ ಸೋರದೆ ಇರುತ್ತಾ ಸಾರ್" ಎಂಬ ಉತ್ತರ ಸಿಗುತ್ತದೆ. ಆ ಮಾತು ಒಂದೇ ಒಂದು ಜಾಗದ ಮಟ್ಟಿಗೆ ನಿಜ. ಉಳಿದ ಸೋರಿಕೆಗಳನ್ನು ಬಹುಪಾಲು ಮನೆಯಲ್ಲೇ ನಿಲ್ಲಿಸಬಹುದು.

ಇಲ್ಲಿ ಹೇಳುತ್ತಿರುವುದು 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್ ಬಗ್ಗೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದರ ಅಣ್ಣತಮ್ಮನೇ ಇತ್ತು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತರೂ ಈ ಎಂಜಿನ್ ಬಿಚ್ಚಿ ಕಟ್ಟುವವರು ಇನ್ನೂ ಇದ್ದಾರೆ.

ಮೊದಲ ಕೆಲಸ ತೊಳೆಯುವುದು. ಎಂಜಿನ್ ತಣ್ಣಗಿರುವಾಗ ಡೀಸೆಲ್ ಮತ್ತು ಬ್ರಷ್ ಹಿಡಿದು ಮೇಲಿಂದ ಕೆಳಗೆ ಜಿಡ್ಡು ತೆಗೆಯಿರಿ. ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಪೂರ್ತಿ ಒರೆಸಿ ಒಣಗಿಸಿದ ಮೇಲೆ ಅನುಮಾನ ಇರುವ ಕಡೆಗೆಲ್ಲ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಉದುರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಎಣ್ಣೆಯ ಗೆರೆ ಎದ್ದು ಕಾಣುತ್ತದೆ. ಹನಿ ಬೀಳುವ ಜಾಗ ನೋಡಿ ಮೋಸಹೋಗಬೇಡಿ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು, ಎಲ್ಲಕ್ಕಿಂತ ಮುಂದಿರುವುದು ಯಾವುದೋ ಅದೇ ಮೂಲ.

ಕಾರಿನ ಕೆಳಗೆ ನುಗ್ಗುವ ಮುಂಚೆ ಆಕ್ಸಲ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಯಾರೂ ಮಲಗಬಾರದು.

ಯಾವುದೇ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸುವ ಮೊದಲು ಬ್ರೀದರ್ ಪೈಪ್, ಅಂದರೆ ಎಂಜಿನ್ ಒಳಗಿನ ಒತ್ತಡ ಹೊರಹೋಗುವ ಪೈಪ್, ನೋಡಲೇಬೇಕು. ಇದನ್ನು ಸುಮಾರು ಜನ ಮರೆಯುತ್ತಾರೆ. ಹೊಸ ರಿಂಗ್‌ಗಳು ಬೋರಿಗೆ ಇನ್ನೂ ಹೊಂದಿಕೊಳ್ಳದಿದ್ದಾಗ ಉರಿದ ಗಾಳಿ ಕೆಳಗೆ ನುಗ್ಗಿ ಒಳಗೆ ಒತ್ತಡ ಕಟ್ಟುತ್ತದೆ. ಪೈಪಿನಲ್ಲಿ ಹಳೇ ಕೊಳೆ ಕಟ್ಟಿದ್ದರೆ ಮುಗಿಯಿತು, ಆ ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿಯಿಂದೆಲ್ಲ ಹೊರಗೆ ದಬ್ಬುತ್ತದೆ. ಎಲ್ಲ ಕಡೆ ಒಟ್ಟಿಗೇ ಸೋರಿದರೆ ಪ್ಯಾಕಿಂಗ್ ತಪ್ಪಲ್ಲ, ಇದರದ್ದೇ ಕೆಲಸ. ಪೈಪ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ.

ಈಗ ಮೇಲಿಂದ ಶುರು ಮಾಡೋಣ. ಎಂಜಿನ್ ನೆತ್ತಿಯ ತಗಡಿನ ಮುಚ್ಚಳ, ಅಂದರೆ ರಾಕರ್ ಕವರ್, ಸೋರಿದರೆ ಎಲ್ಲರೂ ಮಾಡುವುದು ನಟ್ ಇನ್ನೊಂದು ಸುತ್ತು ಬಿಗಿ ಮಾಡುವುದು. ಬಿಗಿದಷ್ಟೂ ಕಾರ್ಕ್ ಪ್ಯಾಕಿಂಗ್ ಹಿಂಡಿಹೋಗುತ್ತದೆ, ತಗಡು ಬಾಗುತ್ತದೆ, ಸೋರಿಕೆ ಜಾಸ್ತಿಯಾಗುತ್ತದೆ. ನಟ್ ಕೆಳಗಿನ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಬದಲಿಸಿ. ಕಾರ್ಕನ್ನು ಕವರ್ ಕಡೆಗೆ ಮಾತ್ರ ಅಂಟಿಸಿ, ಹೆಡ್ ಕಡೆ ಒಣಗಿರಲಿ. ಮುಂದಿನ ಸಲ ಟ್ಯಾಪೆಟ್ ಸೆಟ್ ಮಾಡುವಾಗ ಹರಿಯದೆ ಬರುತ್ತದೆ.

ಮ್ಯಾನಿಫೋಲ್ಡ್ (ಗಾಳಿ ಬರುವ, ಹೊಗೆ ಹೋಗುವ ಕೊಳವೆಗಳ ಜೋಡಣೆ) ಕೆಳಗೆ ಬ್ಲಾಕಿನ ಪಕ್ಕದಲ್ಲಿ ಎರಡು ಸಣ್ಣ ಟ್ಯಾಪೆಟ್ ಕವರ್ ಇವೆ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟ್. ಕೈ ಆಡದ ಇಕ್ಕಟ್ಟು, ಸೈಲೆನ್ಸರ್ ಪೈಪಿನ ಬಿಸಿ ಬೇರೆ. ನನ್ನನ್ನು ಕೇಳಿದರೆ ಮ್ಯಾನಿಫೋಲ್ಡ್ ಬಿಚ್ಚಿಯೇ ಮಾಡುವುದು ವಾಸಿ. ಇಲ್ಲೂ ಅತಿ ಬಿಗಿತವೇ ಶತ್ರು: ನಡುವೆ ಒತ್ತಿದರೆ ಅಂಚು ಮೇಲೇಳುತ್ತದೆ.

ಬಲಗಡೆ ಆಯಿಲ್ ಫಿಲ್ಟರ್ ಪೈಪಿನ ಬೋಲ್ಟ್‌ಗೆ ತಾಮ್ರದ ವಾಷರ್ ಇರುತ್ತದೆ. ಹೊಸದು ಸಿಗದಿದ್ದರೆ ಹಳೆಯದನ್ನೇ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ, ಚೆನ್ನಾಗಿ ಕೂರುತ್ತದೆ.

ಮುಂದಿನ ಪುಲ್ಲಿ ಹಿಂದೆ ಎಣ್ಣೆ ಚಿಮ್ಮಿದ್ದರೆ ಟೈಮಿಂಗ್ ಕವರ್ ಸೀಲ್ ನೋಡಿ. ಪುಲ್ಲಿಯ ಕೊರಳಲ್ಲಿ ಸೀಲ್ ಉಜ್ಜಿ ಗೀರು ಬಿದ್ದಿದ್ದರೆ ಹೊಸ ಸೀಲ್ ಹಾಕಿಯೂ ಸುಖವಿಲ್ಲ. ಒಳಗಿನ ಎಣ್ಣೆ ಎಸೆಯುವ ಬಿಲ್ಲೆ ಉಲ್ಟಾ ಕೂತಿದೆಯೇ ಅಂತಲೂ ನೋಡಿ. ಕವರ್ ಕೂರಿಸುವಾಗ ಬೋಲ್ಟ್‌ಗಳನ್ನು ಸಡಿಲವಾಗಿ ಹಾಕಿ, ಪುಲ್ಲಿಯನ್ನು ಸೀಲಿನೊಳಗೆ ತಳ್ಳಿ, ನಡುಮಧ್ಯೆ ಬಂದ ಮೇಲೆ ಬಿಗಿಯಿರಿ.

ಇನ್ನು ಆಯಿಲ್ ಚೇಂಬರ್, ಅಂದರೆ ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿ. ಎಣ್ಣೆ ಇಳಿಸಿ, ಚೇಂಬರ್ ಬಿಚ್ಚಿ, ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಹಿಂದಿನವರು ಬಿಗಿದೂ ಬಿಗಿದೂ ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಉಬ್ಬಿರುತ್ತದೆ. ಬ್ಲಾಕಿಗೆ ಆ ಉಬ್ಬು ಮಾತ್ರ ತಾಗುತ್ತದೆ, ನಡುವಿನ ಜಾಗ ಬಾಯಿ ಬಿಡುತ್ತದೆ. ಅಂಚನ್ನು ಮರದ ತುಂಡಿನ ಮೇಲಿಟ್ಟು ಗುಂಡು ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಸ್ಟೀಲ್ ಸ್ಕೇಲ್ ಇಟ್ಟರೆ ಬೆಳಕು ನುಸುಳಬಾರದು. ಹೊಸ ಪ್ಯಾಕಿಂಗ್ ಎಷ್ಟು ಒಳ್ಳೆಯದಾದರೂ ಈ ಕೆಲಸ ಬಿಟ್ಟರೆ ವ್ಯರ್ಥ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ತಂದ ಕಾರ್ಕ್ ಪ್ಯಾಕಿಂಗ್ ವರ್ಷಗಟ್ಟಲೆ ಕಪಾಟಿನಲ್ಲಿ ಒಣಗಿ ಕುಗ್ಗಿದ್ದರೆ ತೂತುಗಳು ಕೂಡುವುದಿಲ್ಲ. ಎಳೆಯಬೇಡಿ, ಹರಿಯುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಹಿಗ್ಗುತ್ತದೆ. ಮುಂದೆ ಹಿಂದೆ ಬೇರಿಂಗ್ ಕ್ಯಾಪಿನ ಹತ್ತಿರ ಕೂರುವ ಕಾರ್ಕ್ ತುಂಡುಗಳನ್ನು ಮರೆಯಬೇಡಿ. ಮೂಲೆಗಳಿಗೆ ಮಾತ್ರ ಸಿಲಿಕೋನ್ ಪೇಸ್ಟ್, ಅದೂ ತೆಳ್ಳಗೆ. ಪೇಸ್ಟ್ ಜಾಸ್ತಿಯಾಗಿ ಒಳಕ್ಕೆ ಉಕ್ಕಿದರೆ ತುಂಡಾಗಿ ಬಿದ್ದು ಆಯಿಲ್ ಪಂಪಿನ ಜಾಲರಿ ಮುಚ್ಚಿಕೊಳ್ಳಬಹುದು. ಆಮೇಲೆ ಸೋರಿಕೆಯೇ ಎಷ್ಟೋ ವಾಸಿ ಅನ್ನಿಸುತ್ತದೆ. ಎಲ್ಲ ಬೋಲ್ಟ್ ಬೆರಳಲ್ಲಿ ತಿರುಗಿಸಿ, ನಡುವಿಂದ ತುದಿಗೆ, ಎಡಕ್ಕೊಂದು ಬಲಕ್ಕೊಂದು ಬಿಗಿಯಿರಿ. ಬಿ-ಸೀರೀಸಿನ ಅಳತೆ 6 ಪೌಂಡ್-ಅಡಿ, ಅಂದರೆ ಸುಮಾರು 8 ನ್ಯೂಟನ್ ಮೀಟರ್ ಮಾತ್ರ. ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಒಮ್ಮೆ ನೋಡಿ. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಹಳೇ ಎಣ್ಣೆ ಕೊಳ್ಳುವವರಿಗೆ ಕೊಡಿ.

ಕೊನೆಗೆ ಆ ಒಂದು ಜಾಗ: ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ. ಈ ಎಂಜಿನ್ನಿನ ಹಿಂಬದಿ ಕ್ರ್ಯಾಂಕಿಗೆ (ಒಳಗೆ ತಿರುಗುವ ಮುಖ್ಯ ದಂಡಕ್ಕೆ) ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಸ್ಕ್ರೂ ತಿರುಪಿನಂಥ ಗೀರು ಕೊರೆದಿದ್ದಾರೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಿರುಪಿ ಕಳಿಸುತ್ತದೆ. ನಿಂತಾಗ ತಡೆಯುವವರು ಯಾರೂ ಇಲ್ಲ. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೂ ಜಾಸ್ತಿ. ಮೊದಲು ಬೆರಳಿಗೆ ಹಚ್ಚಿ ಮೂಸಿ ನೋಡಿ: ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್, ಎಂಜಿನ್ನಿನದ್ದಲ್ಲ. ಎಂಜಿನ್ ಎಣ್ಣೆಯೇ ಆಗಿದ್ದು ರಾತ್ರಿಗೆ ನಾಲ್ಕಾರು ಹನಿಯಾದರೆ ಕೆಳಗೊಂದು ಟ್ರೇ ಇಟ್ಟು ಸುಮ್ನಿರಿ. ಕ್ಲಚ್ ಜಾರತೊಡಗಿದರೆ ಅಥವಾ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಬೇಗ ಇಳಿದರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ. ಆಗ ಆ ಗೀರಿಗೂ ಅದರ ಸುತ್ತಲ ಗೂಡಿಗೂ ನಡುವಿನ ಸಂದಿಯನ್ನು ಅಳತೆ ಗೊತ್ತಿರುವ ಲೇತ್‌ನವರಿಂದ ನೋಡಿಸಿ.