ಅಯಲ್ಕೂಟದ ಸುತ್ತುನಿಧಿ: ಹಣ ನಿಲ್ಲದಂತೆ, ಯಾರೂ ಹೊರಗುಳಿಯದಂತೆ

ಸುತ್ತುನಿಧಿ, ಅಂದರೆ ಸದಸ್ಯೆಯರಿಗೆ ಸರದಿಯಂತೆ ಸಾಲ ಕೊಡಲೆಂದು ಕೂಟಕ್ಕೆ ಸಿಗುವ ಹಣ, ಖಾತೆಗೆ ಬಿದ್ದ ವಾರದಲ್ಲೇ ಅದನ್ನು ಮುಗಿಸಿಬಿಡುವ ಅಯಲ್ಕೂಟಗಳು (ಕೇರಳದ ಕುಡುಂಬಶ್ರೀಯ ನೆರೆಹೊರೆಯ ಹೆಂಗಸರ ಸ್ವಸಹಾಯ ಸಂಘಗಳು) ಕಾಸರಗೋಡಿನಲ್ಲಿವೆ. ಬಂದದ್ದು 15,000, ಸದಸ್ಯೆಯರು ಹದಿನೈದು ಮಂದಿ, ತಲೆಗೊಂದು ಸಾವಿರ ಹಂಚಿದರೆ ಜಗಳವಿಲ್ಲ ಎಂಬ ಲೆಕ್ಕ. ಸಾವಿರದಲ್ಲಿ ಒಂದು ಆಡಿನ ಮರಿಯೂ ಬರುವುದಿಲ್ಲ. ಪಾಲೆಂದು ಸಿಕ್ಕಿದ್ದನ್ನು ಸಾಲವೆಂದು ಯಾರೂ ಮರಳಿಸುವುದೂ ಇಲ್ಲ. ಈ ಹಣ ಕೂಟದ್ದು. ಉಳಿತಾಯ, ಬಡ್ಡಿ ಆದಾಯ, ಸುತ್ತುನಿಧಿ ಮೂರನ್ನೂ ಒಂದೇ ಮೊತ್ತವೆಂದು ಹಿಡಿಯಿರಿ. ಅದರಿಂದ ಒಮ್ಮೆಗೆ ನಾಲ್ಕೈದು ಮಂದಿಗೆ ಕೆಲಸಕ್ಕೆ ಬರುವಷ್ಟು ಸಾಲ ಕೊಟ್ಟು, ಕಂತು ಬಂದ ಹಾಗೆ ಮುಂದಿನವರಿಗೆ ದಾಟಿಸಿ.

ಮೊದಲ ಸಾಲಕ್ಕೆ ಮುಂಚೆ ಒಂದು ಪುಟದ ನಿಯಮ ಬರೆದು ಮಿನಿಟ್ಸ್ ಪುಸ್ತಕಕ್ಕೆ ಅಂಟಿಸಿ, ಎಲ್ಲರ ಸಹಿ ಹಾಕಿಸಿ. ಒಬ್ಬರಿಗೆ ಒಟ್ಟು ಮೊತ್ತದ ಐದರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಹಳೆ ಕಂತು ಬಾಕಿ ಇದ್ದರೆ ಆಸ್ಪತ್ರೆ ಖರ್ಚಿಗಲ್ಲದೆ ಹೊಸ ಸಾಲವಿಲ್ಲ. ಒಮ್ಮೆಯೂ ಪಡೆಯದವರು ಎರಡನೇ ಬಾರಿ ಕೇಳುವವರಿಗಿಂತ ಮುಂದೆ. ತನ್ನದೋ ತನ್ನ ಮನೆಯವರದೋ ಅರ್ಜಿ ಬಂದಾಗ ಕಾರ್ಯದರ್ಶಿಯಾದರೂ ಎದ್ದು ಹೊರಗೆ ಕೂರಬೇಕು. ಇಲ್ಲಿ ಮುಖದಾಕ್ಷಿಣ್ಯ ಅಡ್ಡ ಬರುತ್ತದೆ, ಆದರೂ ಸಡಿಲ ಬಿಡಬೇಡಿ. ಬಾಯಿಮಾತಿನಲ್ಲಿ ಕೇಳಿದರೂ ಅದೇ ದಿನ ಕ್ರಮಸಂಖ್ಯೆ ಹಾಕಿ, ಮೊತ್ತ ಮತ್ತು ಉದ್ದೇಶ ಬರೆಯಿರಿ. ಕೊಡದಿದ್ದರೆ ಕಾರಣವನ್ನೂ ಅದೇ ಸಾಲಿನಲ್ಲಿ ಸೇರಿಸಿ. ಕೊಟ್ಟ ಸಾಲವನ್ನು ಎಲ್ಲ ಕೂಟದವರೂ ಬರೆದಿಡುತ್ತಾರೆ. ಕೊಡದೆ ಕಳಿಸಿದ್ದು ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ತಾರತಮ್ಯ ಅಡಗಿ ಕೂರುವುದು ಅಲ್ಲೇ.

ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಹಾಕಿ. ತಿಂಗಳಿಗೆ ಶೇ. 1ರಂತೆ 10,000 ರೂಪಾಯಿ, ಹತ್ತು ಕಂತು ಎಂದುಕೊಳ್ಳಿ: ಮೊದಲ ತಿಂಗಳು 100, ಎರಡನೆಯದು 90, ಹೀಗೆ ಇಳಿದು ಒಟ್ಟು 550 ರೂಪಾಯಿ. ಕೊನೆಯವರೆಗೂ ಪೂರ್ತಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದೇ ಸಾಲಕ್ಕೆ 1,000. ಕೆಲವರಿಗೆ ಹೀಗೆ, ಕೆಲವರಿಗೆ ಹಾಗೆ ಮಾಡುವುದಂತೂ ಸಲ್ಲದು. ದರವನ್ನೂ ಕ್ರಮವನ್ನೂ ಗೋಡೆಗೆ ಬರೆದು ಹಾಕಿ.

ತಿಂಗಳ ಕೊನೆಗೆ ಎರಡು ಬದಿ ತಾಳೆ ನೋಡಿ. ಒಂದು ಬದಿ ಉಳಿತಾಯ 60,000, ಸುತ್ತುನಿಧಿ 15,000, ಖರ್ಚು ಕಳೆದು ಉಳಿದ ಬಡ್ಡಿ 9,000 ಇದ್ದರೆ ಒಟ್ಟು 84,000. ಇನ್ನೊಂದು ಬದಿ ಸದಸ್ಯೆಯರ ಕೈಯಲ್ಲಿರುವ ಸಾಲ 70,000, ಬ್ಯಾಂಕಿನಲ್ಲಿ 13,400, ಕೈಯಲ್ಲಿ 600 ಸೇರಿ ಅಷ್ಟೇ ಬರಬೇಕು. ಬಾರದಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಂಕ್ ಕಡಿತ ಮಾಡಿದ ಶುಲ್ಕ, ಆಮೇಲೆ ಸಂಗ್ರಹವಾಗಿಯೂ ಖಾತೆಗೆ ಕಟ್ಟದ ಹಣ. ಒಂದು ತಪ್ಪು ಮಾತ್ರ ಈ ತಾಳೆಗೆ ಸಿಕ್ಕುವುದೇ ಇಲ್ಲ: ಬಡ್ಡಿಯಾಗಿ ಬಂದ 100 ರೂಪಾಯಿಯನ್ನು ಅಸಲಿಗೆ ಜಮಾ ಮಾಡಿದರೆ ಎರಡೂ ಬದಿ ಸರಿಯಾಗಿಯೇ ಕಾಣುತ್ತದೆ. ಅದನ್ನು ಹಿಡಿಯಲು ಸದಸ್ಯೆಯ ಪಾಸ್‌ಪುಸ್ತಕವನ್ನೂ ಲೆಡ್ಜರನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಬೇಕು. ಚೆಕ್ಕಿಗೆ ಮುಂಗಡ ಸಹಿ ಹಾಕಿಡುವ ಅಭ್ಯಾಸ ಬೇಡವೇ ಬೇಡ.

ಕಂತನ್ನು ಊರಿನ ದುಡಿಮೆಗೆ ಹೊಂದಿಸಿ. ಬೀಡಿ ಕಟ್ಟುವವರಿಗೆ ವಾರದ ಕಂತು ಸುಲಭ. ಗೇರುಬೀಜ ನಂಬಿದವರು ಮಾರ್ಚ್‌ನಿಂದ ಮೇ ಒಳಗೆ ದೊಡ್ಡ ಕಂತು ಕಟ್ಟಬಲ್ಲರು. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಮಳೆಯೂ ಹಿಡಿಯುತ್ತದೆ. ತುಳುವರ ಮಳೆಗಾಲದ ತಿಂಗಳಾದ ಆಟಿ ಕಳೆಯುವ ತನಕ ಕೂಲಿ ಕಮ್ಮಿ. ಆ ತಿಂಗಳುಗಳಲ್ಲಿ ಬಡ್ಡಿ ಮಾತ್ರ ವಸೂಲು ಎಂದು ಮೊದಲೇ ಬರೆದಿಟ್ಟರೆ ಅದು ಬಾಕಿಯಾಗುವುದಿಲ್ಲ. ಮೇ ತಿಂಗಳಲ್ಲಿ ಖಾತೆ ಬರಿದು ಮಾಡಬೇಡಿ, ಜೂನ್‌ನ ಬೇಡಿಕೆ ಬಾಗಿಲಲ್ಲೇ ನಿಂತಿರುತ್ತದೆ.

ಬಾಕಿ ಲೆಕ್ಕದಲ್ಲಿ ತಪ್ಪಿದ ಕಂತನ್ನಷ್ಟೇ ನೋಡಬಾರದು. ಎರಡು ಕಂತು, ಅಂದರೆ 2,000 ತಪ್ಪಿಸಿದವರಿಂದ ಇನ್ನೂ 7,000 ಬರಬೇಕಿದ್ದರೆ ಅಪಾಯದಲ್ಲಿರುವುದು ಆ 7,000. ಮೇಲಿನ 70,000ದಲ್ಲಿ ಶೇ. 10. ಒಂದು ಕಂತು ತಪ್ಪಿದಾಗ ಇಬ್ಬರು ಮನೆಗೆ ಹೋಗಿ ಕಾರಣ ಕೇಳಿ ಬರೆದುಕೊಳ್ಳಿ, ಎರಡಾದರೆ ಕಂತಿನ ಗಾತ್ರ ತಗ್ಗಿಸಿ ಅವಧಿ ಹಿಗ್ಗಿಸಿ, ಮೂರಾದರೆ ವಾರ್ಡಿನ ಅಯಲ್ಕೂಟಗಳ ಒಕ್ಕೂಟವಾದ ಎ.ಡಿ.ಎಸ್.ಗೆ ತಿಳಿಸಿ. ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿದಂತೆ ತೋರಿಸುವುದು ಪುಸ್ತಕಕ್ಕೆ ಬಣ್ಣ ಬಳಿದ ಹಾಗೆ, ಆರು ತಿಂಗಳು ಚೆಂದ ಕಾಣುತ್ತದೆ. ಅಂಗಳದಲ್ಲಿ ನಿಂತು ಕೂಗುವುದು, ಪಾತ್ರೆ ಎತ್ತಿ ತರುವುದು ಕೂಡದು.

ಇನ್ನು ಸಮಾನತೆಯ ಮಾತು. ಸಾಲ ಕೊಡುವಾಗ ಲಿಂಗ, ಜಾತಿ, ಧರ್ಮದ ಆಧಾರದಲ್ಲಿ ಭೇದ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಬ್ಯಾಂಕುಗಳಿಗೆ ನಿಯಮ ಮಾಡಿದೆ. ದುರ್ಬಲ ವರ್ಗಕ್ಕೆಂದೇ ಇರುವ ಸಾಲ ಯೋಜನೆಗಳಿಗೆ ಅದು ಅಡ್ಡಿಯಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅವರಿಗೂ ಸಾಲ ಪಡೆಯುವ ಸಮಾನ ಹಕ್ಕು ಕೊಡುತ್ತದೆ. ಇವೇ ಮಾತುಗಳನ್ನು ನಿಮ್ಮ ಒಂದು ಪುಟಕ್ಕೂ ಸೇರಿಸಿ. ಆದರೆ ಕೂಟದಲ್ಲಿ ಯಾರೂ ಜಾತಿ ಹೇಳಿ ಸಾಲ ನಿರಾಕರಿಸುವುದಿಲ್ಲ; ಕಾಣಲು ನ್ಯಾಯವಾಗಿರುವ ನಿಯಮವೇ ಆ ಕೆಲಸ ಮಾಡುತ್ತದೆ. ಸಭೆ ಯಾವಾಗಲೂ ಒಂದೇ ಮನೆಯ ಚಾವಡಿಯಲ್ಲಿ ನಡೆದರೆ, ಆ ಚಾವಡಿ ಹತ್ತಲು ಹಿಂಜರಿಯುವ ಕೊರಗ ಬುಡಕಟ್ಟಿನ ಕುಟುಂಬದ ಹೆಂಗಸು ಮೂರನೇ ಸಭೆಗೆ ಬರುವುದಿಲ್ಲ. ಅಂಗನವಾಡಿಯಲ್ಲಿ ನಡೆಸಿ, ಇಲ್ಲವೇ ಪರಿಶಿಷ್ಟರ ಕಾಲೊನಿಯ ಮನೆಗಳಲ್ಲೂ ಸರದಿಯಂತೆ ಸೇರಿ. ಸಾಲಕ್ಕೆ ಶೇ. 80 ಹಾಜರಿ ಬೇಕೆಂದರೆ ಎಣ್ಮಕಜೆಯಂಥ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಮಗುವನ್ನು ಬಿಟ್ಟು ಬರಲಾಗದ ತಾಯಿ ಮೊದಲು ಹೊರಬೀಳುತ್ತಾಳೆ. ಉಳಿತಾಯ ಕಳಿಸಿದ್ದನ್ನೇ ಅವಳ ಹಾಜರಿಯೆಂದು ಗಣಿಸಿ. ಜಾಮೀನಿಗೆ ಗಂಡನ ಸಹಿ ಎಂದರೆ ವಿಧವೆಯರೂ ಬಿಟ್ಟುಹೋದವರ ಹೆಂಡಿರೂ ಸಾಲದಿಂದ ಹೊರಗೆ. ಮಿನಿಟ್ಸ್ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡ ಓದುವವರು ಓದದೆ ಸಹಿ ಹಾಕುತ್ತಾರೆ. ನಿಯಮದ ಪುಟ ಎರಡೂ ಭಾಷೆಯಲ್ಲಿರಲಿ, ನಿರ್ಣಯವನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳಿಯೇ ಸಹಿ ತೆಗೆದುಕೊಳ್ಳಿ.

ಆರು ತಿಂಗಳಿಗೊಮ್ಮೆ ಅರ್ಜಿ ಪುಸ್ತಕ ತೆರೆದು ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು, ಕಾದದ್ದೆಷ್ಟು ದಿನ ಎಂದು ಹೆಸರುವಾರು ಬರೆಯಿರಿ. ಕೇಳದೇ ಇದ್ದವರ ಹೆಸರೂ ಅದರಲ್ಲಿರಲಿ. ಕಾಲೊನಿಯ ಮೂವರೂ ಸೊನ್ನೆಯ ಸಾಲಿನಲ್ಲಿದ್ದರೆ “ಅವರು ಕೇಳಲಿಲ್ಲ” ಎಂಬುದು ಉತ್ತರವಲ್ಲ, ಯಾಕೆ ಕೇಳಲಿಲ್ಲ ಎಂದು ಹೋಗಿ ವಿಚಾರಿಸಿ.

ಬ್ಯಾಂಕ್ ಲಿಂಕೇಜ್ ಸಾಲಕ್ಕೆ, ಅಂದರೆ ಬ್ಯಾಂಕು ಕೂಟಕ್ಕೆ ಕೊಡುವ ಸಾಲಕ್ಕೆ ಹೋದಾಗ ಈ ಪುಸ್ತಕಗಳೇ ನಿಮ್ಮ ಬಲ. ಸ್ವಸಹಾಯ ಸಂಘಗಳಿಗೆ 10 ಲಕ್ಷದ ತನಕದ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ. ಉಳಿತಾಯ ತಡೆಹಿಡಿದರೆಂದರೆ ಕೂಟದೊಳಗಿನ ಸಾಲವೂ ನಿಂತಂತೆ, ಆದ್ದರಿಂದ ಇದನ್ನು ಮೊದಲ ದಿನವೇ ಕೇಳಿ ಸ್ಪಷ್ಟ ಮಾಡಿಕೊಳ್ಳಿ. ಅರ್ಜಿಗೆ ಸ್ವೀಕೃತಿ, ನಿರಾಕರಿಸಿದರೆ ಲಿಖಿತ ಕಾರಣ ಪಡೆಯಿರಿ. ಪರಿಶಿಷ್ಟ ಜಾತಿ, ಪಂಗಡದವರ ಅರ್ಜಿಯನ್ನು ತಿರಸ್ಕರಿಸುವುದು ಶಾಖೆಯ ಮಟ್ಟದಲ್ಲಲ್ಲ, ಅದರ ಮೇಲಿನ ಹಂತದಲ್ಲಿ ಎಂಬುದು ನಿಯಮ. ಲಿಖಿತ ದೂರಿಗೆ ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಪಂಚಾಯತಿಗೋ ಸರಕಾರದ ಯಾವ ಅಧಿಕಾರಿಗೋ ಅಹವಾಲು ಬರೆಯುವುದಾದರೆ ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಅದಕ್ಕೆ ಹಕ್ಕು ಕೊಟ್ಟಿದೆ. ಅದರ ಒಂದು ನಕಲು ಪ್ರತಿಯನ್ನು ಮಿನಿಟ್ಸ್ ಪುಸ್ತಕದಲ್ಲಿಡಿ.